ಅಜ್ಜನ ಗೋರಿಯ ತಿರುವು

ಎಡಕ್ಕೆ ಇನ್ನೊಂದು ಗೇಣು ಜಾರಿದ್ದರೆ ಇದನ್ನು ಹೇಳಲು ನಾನಿರುತ್ತಿರಲಿಲ್ಲ ಸಾರ್!

ಹಿಂದಿನ ಚಕ್ರ ಗಾಳಿಯಲ್ಲಿ ಸುತ್ತುತ್ತಿತ್ತು. ಕೆಳಗೆ ಪಾತಾಳ. ಪಕ್ಕದಲ್ಲಿ ದೊಡ್ಡಪ್ಪನ ಮಗ ಮುಹಾಪಿ. ಅವನ ಪಿಸ್ತೂಲು ನನ್ನ ಪಕ್ಕೆಲುಬುಗಳ ಲೆಕ್ಕ ತೆಗೆಯುತ್ತಿತ್ತು.

ಪ್ರವಾಸಿಗಳು ದುಡ್ಡು ಕೊಟ್ಟು ಈ ಬೆಟ್ಟಕ್ಕೆ ಬರುತ್ತಾರೆ. “ಓಹ್... ವ್ಯೂ ಪಾಯಿಂಟ್! ವ್ಯೂ ಪಾಯಿಂಟ್!” ಎಂದು ಮೂಗಿನಲ್ಲಿ ಹಾಡುತ್ತಾರೆ. ಅವತ್ತು ನನಗೆ ಕಂಡದ್ದು ಒಂದೇ ಪಾಯಿಂಟ್.

ಗನ್ ಪಾಯಿಂಟ್!

“ಡ್ರೈವಿಂಗ್ ಮರೆತೋಯ್ತೇನೋ ಕವೇಟೊ?”

“ಅದನ್ನ ಸ್ವಲ್ಪ ಆಚೆ ಇಟ್ಟರೆ ನೆನಪಾಗುತ್ತೆ ಅಣ್ಣಾ.”

ಫಸ್ಟ್ ಗೇರ್. ಕಲ್ಲು ಸಿಡಿಯಿತು. ನನ್ನ ಲ್ಯಾಂಡ್ ಕ್ರೂಸರ್ ಮುದಿ ಕತ್ತೆಯಂತೆ ನರಳಿ ದಾರಿಗೆ ಬಂತು.

ಹಿಂದೆ ಗೋಣಿಚೀಲ. ಒಳಗೆ ಘೇಂಡಾಮೃಗದ ಕೊಂಬು. ಬೆಟ್ಟದಾಚೆ ಕೊಳ್ಳುವವರು ಕಾಯುತ್ತಿದ್ದರು. ಒಪುವೊ ಪೇಟೆಯಲ್ಲಿ ಅವನು ನನ್ನನ್ನೇ ಹಿಡಿದದ್ದೇಕೆ ಅಂದರೆ, ಈ ದಾರಿಗೆ ಗಾಡಿ ಇಳಿಸುವ ಹುಚ್ಚ ನಾನೊಬ್ಬನೇ.

ಅವನಿಗೆ ಕೊಂಬು ದಾಟಿಸಬೇಕಿತ್ತು. ನನಗೆ ಭಾವ ಬೇಕಿತ್ತು.

ಉವಂಗಾ... ಅಕ್ಕನ ಗಂಡ, ಕಾಡುಪ್ರಾಣಿಗಳ ಕಾವಲುಗಾರ. ಮೊನ್ನೆ ಮುಹಾಪಿಯ ಹೆಜ್ಜೆ ಹಿಡಿದು ಹೋದವನು ಮರಳಲಿಲ್ಲ. ಈ ಬಿಸಿಲಿನಲ್ಲಿ ನೀರಿಲ್ಲದೆ ಎಷ್ಟು ಹೊತ್ತು ಜೀವ ಹಿಡಿದಾನು?

“ಭಾವ ಎಲ್ಲಿ?”

“ಅವನ ಮುಖಾನೇ ನೋಡಿಲ್ಲ ನಾನು. ರಸ್ತೆ ನೋಡು.”

ದಾರಿ ಕವಲೊಡೆಯಿತು. ಬಲಕ್ಕೆ ಹೊರಳಿಸಿದೆ.

“ಈ ಕಡೆ ಯಾಕೋ?”

“ಆ ಕಡೆ ಪೊಲೀಸರಿದ್ದಾರೆ. ಹೋಗಿ ನಮಸ್ಕಾರ ಹೇಳಿ ಬರೋಣವಾ?”

ಸುಳ್ಳು! ಆ ಕಡೆ ಇದ್ದದ್ದು ಬರೀ ಆಡುಗಳು. ಈ ಕಡೆ ಇದ್ದವನು ನಮ್ಮ ಅಜ್ಜ.

ಏರು ಮುಗಿದಲ್ಲಿ, ದಾರಿಯ ಅಂಚಿಗೇ ಅವನ ಗೋರಿ. ಕಲ್ಲುಗುಪ್ಪೆಯ ಮೇಲೆ ಬಿಸಿಲಿಗೆ ಬಿಳಿಚಿದ ಎತ್ತಿನ ಕೊಂಬುಗಳು.

“ನಿಲ್ಲಿಸು,” ಎಂದ ಮುಹಾಪಿ. ದನಿ ಬದಲಾಗಿತ್ತು.

ನನಗೆ ಗೊತ್ತಿತ್ತು! ನಮ್ಮ ಹೆರೆರೊ ಜನ ಪೊಲೀಸ್ ಚೌಕಿಯನ್ನು ಮುರಿದುಕೊಂಡು ಹೋದಾರು. ಅಜ್ಜನ ಗೋರಿಯನ್ನು ಸುಮ್ಮನೆ ದಾಟಲಾರರು. ಇಳಿಯಬೇಕು. ಮಂಡಿಯೂರಿ ಕಲ್ಲಿಡಬೇಕು. ಹೆಸರು ಹೇಳಿ, ಬಂದ ಕೆಲಸವನ್ನು ಬಾಯಿಬಿಟ್ಟು ಹೇಳಬೇಕು. ಸತ್ತವರೆದುರು ಸುಳ್ಳಾಡಿದವನ ಹಟ್ಟಿಯಲ್ಲಿ ದನ ಉಳಿಯುವುದಿಲ್ಲ.

ಒಂದನ್ನು ಮಾತ್ರ ನಾನು ಯೋಚಿಸಿರಲಿಲ್ಲ.

ಅವನು ಕೀ ಕಿತ್ತು ಜೇಬಿಗಿಳಿಸಿದ. “ಮೊದಲು ನೀನು.”

ನಿಜ ಹೇಳಿದರೆ ಗುಂಡು... ಸುಳ್ಳು ಹೇಳಿದರೆ ಅಜ್ಜ!

ಕಲ್ಲಿಟ್ಟೆ. “ಅಜ್ಜಾ, ನಾನು ಕವೇಟೊ. ಅಣ್ಣನ್ನ ಬೆಟ್ಟ ದಾಟಿಸೋಕೆ ಬಂದಿದೀನಿ. ಬೇರೇನಿಲ್ಲ.”

ಕಾಲೇಜು ಓದಿದವನು ನಾನು. ಇದನ್ನೆಲ್ಲ ನಂಬುವುದಿಲ್ಲ ಎನ್ನುತ್ತಿದ್ದವನು. ಆದರೂ ಬೆನ್ನಲ್ಲಿ ಇರುವೆ ಹರಿದವು.

ಮುಹಾಪಿ ಟೋಪಿ ತೆಗೆದ. ಕಲ್ಲನ್ನು ಎರಡೂ ಕೈಯಲ್ಲಿ ಇಡಬೇಕಲ್ಲ... ಪಿಸ್ತೂಲು ನೆಲಕ್ಕಿಳಿಯಿತು.

“ಅಜ್ಜಾ, ನಾನು ಮುಹಾಪಿ. ಕೊಂಬು ಮಾರೋಕೆ ಹೊರಟಿದೀನಿ. ಉವಂಗಾನ್ನ ಕೊಂದಿಲ್ಲ. ವ್ಯೂ ಪಾಯಿಂಟ್ ಕೆಳಗಿನ ಗವಿಯಲ್ಲಿ ಕಟ್ಟಿ ಬಂದಿದೀನಿ. ನೀರು ಇಟ್ಟಿಲ್ಲ... ಇದನ್ನ ಕೇಳಿಸ್ಕೊಂಡ ಈ ತಮ್ಮನೂ ಉಳಿಯಲ್ಲ. ತಪ್ಪಾಯ್ತು.”

ಕಾಲೆತ್ತಿ ಒದ್ದೆ!

ಪಿಸ್ತೂಲು ಪಾತಾಳಕ್ಕೆ ಹಾರಿತು. ನಾನು ಗಾಡಿಗೆ ಹಾರಿದೆ. ಹ್ಯಾಂಡ್‌ಬ್ರೇಕ್ ಬಿಟ್ಟೆ. ಚಕ್ರ ಉರುಳಿತು. ಅವನು ಬಾಗಿಲಿಗೆ ಜೋತುಬಿದ್ದ. ಅವನ ಉಗುರು ನನ್ನ ಕೊರಳಿಗೆ!

“ಕೀ ನನ್ನ ಹತ್ರ ಇದೆ ಕಣೋ!”

“ಇಟ್ಕೋ! ಇಳಿಜಾರಿಗೆ ಕೀ ಬೇಡ!”

ನನ್ನ ಮುದಿ ಗಾಡಿಯ ಸ್ಟೀರಿಂಗ್ ಲಾಕ್ ಎಂದೋ ಕೆಟ್ಟಿತ್ತು. ಬಂಡೆಗೆ ಸವರಿಕೊಂಡು ತಿರುಗಿಸಿದೆ. ಬಾಗಿಲು ಹೋಯಿತು. ಬಾಗಿಲ ಜೊತೆ ಅವನೂ! ಕನ್ನಡಿಯಲ್ಲಿ ನೋಡಿದೆ... ಎದ್ದ, ಕುಂಟಿದ, ಧೂಳಲ್ಲಿ ಕುಳಿತುಬಿಟ್ಟ.

ವ್ಯೂ ಪಾಯಿಂಟ್. ಲೋಕವೆಲ್ಲ ಬಂಗಾರದ ಬಣ್ಣ. ಯಾರಿಗೆ ಬೇಕು?

ಗವಿಗೆ ಇಳಿದೆ. ಭಾವ ಬದುಕಿದ್ದ! ತುಟಿ ಸುಟ್ಟ ತೊಗಲಿನಂತಾಗಿತ್ತು. ಹಗ್ಗ ಕೊಯ್ದು ನೀರು ಹನಿಸಿದೆ. ಹೊತ್ತು ತಂದು ಸೀಟಿನಲ್ಲಿ ಕೂರಿಸಿದೆ.

“ಮುಹಾಪಿ?” ಎಂದ.

“ಮೇಲೆ, ಅಜ್ಜನ ಗೋರಿ ಹತ್ರ. ಕಾಲು ಮುರಿದಿರಬೇಕು.”

“ನೀರಿದೆಯಾ ಅವನ ಹತ್ರ?”

“ಇಲ್ಲ.”

“ವಾಪಸ್ ತಿರುಗಿಸೋ... ನಿನ್ನ ಅಣ್ಣ ಕಣೋ ಅವನು!”

ಅಜ್ಜನಿಗೆ ನಿಜ ಹೇಳಿದವನು ಅವನು. ಸುಳ್ಳು ಹೇಳಿದವನು ನಾನು. ನೀರಿನ ಕ್ಯಾನು ಮಾತ್ರ ನನ್ನ ಗಾಡಿಯಲ್ಲಿತ್ತು.

ಡ್ಯಾಶ್‌ಬೋರ್ಡ್ ಕೆಳಗಿನ ತಂತಿಗಳನ್ನು ಮುಟ್ಟಿಸಿದೆ. ಇಂಜಿನ್ ಕೆಮ್ಮಿತು. ಗಾಡಿಯ ಮೂತಿ ಕೆಳಮುಖವಾಗಿಯೇ ಇತ್ತು. ತಿರುಗಿಸಲಿಲ್ಲ.

“ಅಜ್ಜನ ಮನೆಗೆ ಹೋದ ಮೊಮ್ಮಗನಿಗೆ ನೀರು ಕೊಡೋದು ಅಜ್ಜನ ಕೆಲಸ ಭಾವ!”