ಒದ್ದೆ ಬ್ರಷ್

"ಎಳಿ ಅಜ್ಜಿ, ಜೋರಾಗಿ ಎಳಿ!"

ಶ್ವಾಸಕೋಶದ ವ್ಯಾಯಾಮಕ್ಕೆಂದು ಡಾಕ್ಟರ್ ಕೊಟ್ಟಿದ್ದ ಡಬ್ಬಿಯ ಪ್ಲಾಸ್ಟಿಕ್ ಕೊಳವೆಯನ್ನು ಅಜ್ಜಿ ಬಾಯಿಗಿಟ್ಟು ಉಸಿರೆಳೆದರು. ಡಬ್ಬಿಯೊಳಗಿನ ಮೂರು ಚೆಂಡುಗಳಲ್ಲಿ ಒಂದು ಮೇಲೇರಿತು. ಎರಡನೆಯದು ಅರ್ಧ ಏರಿ ಇಳಿಯಿತು. ಮೂರನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆಮೇಲೆ ಕೆಮ್ಮು ಶುರುವಾಯಿತು.

"ಮೊನ್ನೆನೂ ಒಂದೇ, ಇವತ್ತೂ ಒಂದೇ!" ಮೊಮ್ಮಗಳಿಗೆ ತಲೆ ಚಿಟ್ಟು ಹಿಡಿದಿತ್ತು. ಮನೆಯವರೆಲ್ಲ ಅವಳನ್ನು ಸಿಡುಕಿ ಎಂದು ಕರೆಯುವುದು ಸುಮ್ಮನೆ ಅಲ್ಲ.

ಆದರೆ ಈ ಸಲ ಸಿಡುಕುವುದಕ್ಕೆ ಕಾರಣವಿತ್ತು. ಅಜ್ಜಿ ಅವಳ ಶಾಲೆಯಲ್ಲೇ ಪಿ.ಟಿ. ಟೀಚರ್ ಆಗಿದ್ದವರು. ನಿವೃತ್ತಿಯಾದ ಮೇಲೂ ಸ್ಪೋರ್ಟ್ಸ್ ಡೇ ದಿನ ಮೊದಲ ಸೀಟಿ ಊದುವುದು ಅವರೇ. ಈ ವರ್ಷ ಎರಡು ಸಲ ನ್ಯುಮೋನಿಯಾ ಬಂದು ಸೀಟಿ ಮೊಳೆಯಲ್ಲೇ ನೇತಾಡುತ್ತಿತ್ತು. ಇನ್ನೊಂದು ಸಲ ಬಂದರೆ ಕಷ್ಟ ಎಂದು ಡಾಕ್ಟರ್ ಅಮ್ಮನಿಗೆ ಹೇಳಿದ್ದನ್ನು ಸಿಡುಕಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು.

ಆ ದಿನ ಡಾಕ್ಟರ್ ಎದೆ ಪರೀಕ್ಷೆ ಮಾಡಿ, "ಬಾಯಿ ತೆಗೀರಿ" ಅಂದಿದ್ದರು.

"ನಾನು ಬಂದಿರೋದು ಕೆಮ್ಮಿಗೆ!" ಎಂದು ಅಜ್ಜಿ ರೇಗಿದ್ದರು.

"ಒಸಡೆಲ್ಲ ಊದಿ ಕೀವಾಗಿದೆ. ಅಲ್ಲಿರೋ ಕ್ರಿಮಿಗಳು ಉಸಿರಿನ ಜೊತೆ ಶ್ವಾಸಕೋಶಕ್ಕೂ ಇಳೀಬಹುದು. ಮೊದಲು ಹಲ್ಲಿನ ಡಾಕ್ಟರ್ ಹತ್ರ ಹೋಗಿ."

ಹಲ್ಲಿನ ಡಾಕ್ಟರ್ ಎಲ್ಲ ಕ್ಲೀನ್ ಮಾಡಿ, ದಿನಕ್ಕೆ ಎರಡು ಸಲ ಬ್ರಷ್ ಮಾಡಲೇಬೇಕು ಅಂದರು. ಬೇರೆ ಪೇಸ್ಟನ್ನೂ ಕೊಟ್ಟರು. ಅಮ್ಮ ಸಿಡುಕಿಯನ್ನು ಕಾವಲಿಗೆ ಹಾಕಿದಳು.

"ಅಜ್ಜಿ, ಬ್ರಷ್ ಮಾಡಿದ್ಯಾ?"

"ಆಯ್ತಮ್ಮಾ ತಾಯಿ, ಆಯ್ತು! ಬೇಕಾದ್ರೆ ಮುಟ್ಟಿ ನೋಡ್ಕೋ."

ಬ್ರಷ್ ಒದ್ದೆಯಾಗಿಯೇ ಇತ್ತು. ಇವತ್ತು ಸಿಡುಕಿ ಮೂಸಿಯೂ ನೋಡಿದಳು. ಪೇಸ್ಟಿನ ವಾಸನೆಯೇ ಇಲ್ಲ! ಟ್ಯೂಬಿನ ಮುಚ್ಚಳ ತೆಗೆದರೆ ಒಳಗಿನ ಬೆಳ್ಳಿ ಬಣ್ಣದ ಸೀಲ್ ಹಾಗೇ ಇತ್ತು. ಈ ವಿದ್ಯೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ರಾತ್ರಿ ಹೊತ್ತು ಅವಳೂ ಬ್ರಷ್ಷನ್ನು ನಲ್ಲಿಗೆ ಹಿಡಿದು ಬಂದುಬಿಡುತ್ತಿದ್ದಳು.

"ಹತ್ತು ದಿನದಿಂದ ಸುಳ್ಳಾ? ನಾನಾದ್ರೆ ಸೋಮಾರಿ. ನಿನಗೇನಾಗಿದೆ?"

"ಸಾವಿರ ಮಕ್ಕಳನ್ನ ಓಡಿಸಿದೋಳು ನಾನು. ನನಗೇ ಪಾಠ ಹೇಳ್ತೀಯಾ?" ಅಜ್ಜಿಯ ದನಿ ಏರಿತು, ಕೆಮ್ಮಿನಲ್ಲಿ ಮುಳುಗಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದರು. "ಬ್ರಷ್ ತಾಗಿದ್ರೆ ರಕ್ತ ಬರುತ್ತೆ ಕಣೇ. ಭಯ ಆಗುತ್ತೆ."

"ಮೊದಮೊದಲು ಬರುತ್ತೆ, ಮೆತ್ತಗೆ ಉಜ್ಜಿದ್ರೆ ಬರ್ತಾ ಬರ್ತಾ ನಿಲ್ಲುತ್ತೆ ಅಂತ ಡಾಕ್ಟರ್ ಹೇಳಿಲ್ವಾ?"

"ಹೇಳೋದು ಸುಲಭ."

ಮಂಡಿ ತರಚಿಕೊಂಡ ಮಕ್ಕಳಿಗೆಲ್ಲ "ಎದ್ದು ಓಡು!" ಎಂದು ಕೂಗುತ್ತಿದ್ದ ಅಜ್ಜಿ ಇವರೇನಾ? ಇವರ ಜೊತೆ ಏಗಿ ಏಗಿ ಸಾಕಾಗಿತ್ತು. ಸಿಡುಕಿ ಸರಕ್ಕನೆ ಸೀಲ್ ಕಿತ್ತು, ತನ್ನ ಬ್ರಷ್ಷಿಗೂ ಪೇಸ್ಟ್ ಹಾಕಿದಳು. ಮೊಳೆಯಲ್ಲಿದ್ದ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಒಮ್ಮೆ ಊದಿದಳು.

"ಇಬ್ರೂ ಒಟ್ಟಿಗೆ. ಶುರು!"

ಅಜ್ಜಿ ಗೊಣಗುತ್ತಾ ಉಜ್ಜಿದರು. ಉಗುಳಿದಾಗ ನೊರೆ ಕೆಂಪಾಗಿತ್ತು. ಅವರ ಕೈ ನಿಂತಿತು. "ಏನೂ ಆಗಲ್ಲ ಅಜ್ಜಿ" ಅನ್ನಲು ಸಿಡುಕಿಯೂ ಉಗುಳಿದಳು. ಅವಳ ನೊರೆಯಲ್ಲೂ ಒಂದು ಕೆಂಪು ಗೆರೆ.

ಬ್ರಷ್ ಹಿಡಿದ ಅವಳ ಕೈ ಮೇಲೇಳಲೇ ಇಲ್ಲ. ಕನ್ನಡಿಯಲ್ಲಿ ಅಜ್ಜಿಯ ಮುಖ ನೋಡಿದಳು.

ಅಜ್ಜಿ ಸಿಂಕನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ತಮ್ಮ ಬ್ರಷ್ಷನ್ನು ಮತ್ತೆ ಬಾಯಿಗಿಟ್ಟುಕೊಂಡು, ನೊರೆಯ ನಡುವೆಯೇ ಕೂಗಿದರು.

"ಯಾಕೆ ನಿಂತೆ? ಎದ್ದು ಓಡು!"

ಸಿಡುಕಿ ಅಜ್ಜಿಯ ಸೆರಗಿನ ತುದಿ ಹಿಡಿದುಕೊಂಡು ಮೆತ್ತಗೆ ಉಜ್ಜತೊಡಗಿದಳು.