ಬೆನ್ನು ಕೇಳಿದ ಬತ್ತಳಿಕೆ

"ಬೇರೆ ಯಾವುದನ್ನಾದ್ರೂ ಮುಟ್ಟು, ಹೊತ್ಕೊಂಡು ಹೋಗು. ಆ ಮೂಲ್ಯಾಗ ತೂಗುಹಾಕಿದ್ದು ಐತಲ್ಲ, ಅದರೊಳಗಿನ ಬಾಣ ಮಾತ್ರ ಹೊರಗ ತೆಗೀಬ್ಯಾಡ ನನ್ನಪ್ಪ," ಎಂದಳು ಶಿವಗಂಗಮ್ಮ. ಗೋದಾಮಿನ ಹೊಸ್ತಿಲ ಆಚೆಯೇ ನಿಂತಿದ್ದಳು. ಮಾತಾಡುವಾಗಲೂ ಒಳಗೆ ನೋಡದೆ ಅಂಗಳದ ನಲ್ಲಿಯನ್ನೇ ನೋಡುತ್ತಿದ್ದಳು.

"ತೆಗೆದ್ರೆ ಏನಾಗುತ್ತಮ್ಮ? ಯುದ್ಧ ಶುರುವಾಗುತ್ತಾ?" ಎಂದು ಸಿದ್ಧಲಿಂಗೇಶ್ ನಕ್ಕ.

"ಅದು ಬರಿದಾಗಬಾರದು. ಬರಿದಾದ್ರ ಬೆನ್ನು ಹುಡುಕ್ತೈತಿ."

ಮಗಳು ಬಿಂದುವೂ ನಕ್ಕುಬಿಟ್ಟಳು. "ಸುಮ್ನಿರಮ್ಮಾ. ಸಾರ್, ಬೇರೆ ಮನೇಲಿ ಮಕ್ಕಳು ಊಟ ಮಾಡ್ಲಿಲ್ಲ ಅಂದ್ರೆ ಹಿಡ್ಕೊಂಡ್ಹೋಗೋಕೆ ಪೂಚಾಂಡಿ ಗುಮ್ಮ ಬರ್ತಾನೆ. ನಮ್ಮ ಮನೇಲಿ ಬತ್ತಳಿಕೆ ಬರೋದು!"

ಬಿಂದು ಕೋಡಂಬಾಕ್ಕಂನ ಒಂದು ಶಾಲೆಯಲ್ಲಿ ಹುಡುಗಿಯರಿಗೆ ವಾಲಿಬಾಲ್ ಕಲಿಸುವವಳು. ಸಿದ್ಧಲಿಂಗೇಶನಿಗಿಂತ ಒಂದು ಗೇಣು ಎತ್ತರ. ಆ ಗಿಡ್ಡ ಗೋದಾಮಿನ ಬಾಗಿಲನ್ನು ತಲೆ ತಗ್ಗಿಸದೆ ದಾಟಲಾರಳು. ದಾಟಿದ ಕೂಡಲೇ ಮತ್ತೆ ನೆಟ್ಟಗಾಗುತ್ತಿದ್ದಳು, ಬಗ್ಗಿಸಿ ಬಿಟ್ಟ ಹಸಿ ಬಿದಿರಿನ ಹಾಗೆ.

ಸಿದ್ಧಲಿಂಗೇಶ್ ತುಮಕೂರಿನವನು. ಹಳೆಯ ಆಯುಧಗಳಿಗೆ ಬೆಲೆ ಕಟ್ಟುವುದು ಕಸುಬು. ಬತ್ತಳಿಕೆ ಕೂಡಿಡುವುದು ಹುಚ್ಚು. ಕತ್ತಿ, ಗುರಾಣಿ ಅಂದರೆ ಬಾಯಿಬಿಡುವವರು ಬೇಕಾದಷ್ಟು ಜನ. ಬತ್ತಳಿಕೆಯನ್ನು ಕೇಳುವವರಿಲ್ಲ. ತೊಗಲಿನದು ಇಲಿಗೆ, ಬಿದಿರಿನದು ಗೆದ್ದಲಿಗೆ. ಆದ್ದರಿಂದಲೇ ಉಳಿದದ್ದು ಅಪರೂಪ. ಚೆನ್ನೈಗೆ ಹೊಸದಾಗಿ ಬಂದು ಸೌಕಾರ್‌ಪೇಟೆಯಲ್ಲಿ ಒಂದು ಕೋಣೆ ಹಿಡಿದಿದ್ದ. ಇಲ್ಲಿ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹೆಸರು ಆಗಬೇಕಾದರೆ ಯಾರ ಬಳಿಯೂ ಇಲ್ಲದ ಒಂದು ವಸ್ತು ಕೈಗೆ ಬೀಳಬೇಕಿತ್ತು.

ಬಿಂದುವಿನ ಅಪ್ಪ ಮುರಿಗೆಪ್ಪ ದಾವಣಗೆರೆಯಿಂದ ಬಂದು ಕೋಡಂಬಾಕ್ಕಂನಲ್ಲಿ ಪೌರಾಣಿಕ ಸಿನಿಮಾಗಳಿಗೆ ಬಿಲ್ಲು ಬಾಣ ಕಿರೀಟ ಬಾಡಿಗೆ ಕೊಡುತ್ತಿದ್ದವನು. ಈಗ ಅಂಥ ಸಿನಿಮಾವೂ ಇಲ್ಲ, ಬಾಡಿಗೆಯೂ ಇಲ್ಲ. ಮನೆ ಕೆಡವಿ ಫ್ಲಾಟ್ ಕಟ್ಟುವವರಿಗೆ ಜಾಗ ಬಿಟ್ಟುಕೊಡುವ ಮೊದಲು ಗೋದಾಮು ಖಾಲಿ ಮಾಡಬೇಕೆಂದು ಬಿಂದು ಇವನನ್ನು ಕರೆಸಿದ್ದಳು.

ಬರುವಾಗ ನಡುಮನೆಯಲ್ಲಿ ಮುರಿಗೆಪ್ಪನನ್ನು ಕಂಡಿದ್ದ. ಚಾಪೆಯ ಮೇಲೆ ಕೂತ ಮುದುಕ ಎಷ್ಟು ಬಾಗಿದ್ದನೆಂದರೆ ಹಣೆ ಮೊಣಕಾಲಿಗೆ ತಾಗುತ್ತಿತ್ತು. ಕೊರಳ ಲಿಂಗದ ಕರಡಿಗೆ ನೆಲ ಮುಟ್ಟುತ್ತಿತ್ತು. "ಶರಣು ಅಜ್ಜಾರೆ" ಎಂದರೆ ತಲೆ ಎತ್ತಲಿಲ್ಲ. ಎತ್ತಲು ಆಗುತ್ತಿರಲಿಲ್ಲ.

"ಯಾರಪ್ಪ? ಈ ಪಾದ ನಮ್ಮ ಮನೀಗೆ ಹೊಸದು," ಎಂದು ನೆಲಕ್ಕೆ ಹೇಳಿದ ಮುರಿಗೆಪ್ಪ. "ಬೆಲೆ ಕಟ್ಟಾಂವ? ನನಗೂ ಒಂದು ಬೆಲೆ ಕಟ್ಟಿ ಹೋಗು."

ಬೆನ್ನುಹುರಿಯ ರೋಗ ಅಂದುಕೊಂಡಿದ್ದ ಸಿದ್ಧಲಿಂಗೇಶ್.

ಗೋದಾಮಿನಲ್ಲಿ ಕಿಟಕಿ ಇರಲಿಲ್ಲ. ಹೊರಗೆ ಮೇ ತಿಂಗಳ ಮಟಮಟ ಮಧ್ಯಾಹ್ನ, ಒಳಗೆ ಒಂದೇ ಬಲ್ಬಿನ ಹಳದಿ ಕತ್ತಲೆ. ಕಾದ ತಗಡಿನ ಸೂರು ಆಗಾಗ ಟಕ್ ಟಕ್ ಎನ್ನುತ್ತಿತ್ತು. ನುಸಿಗುಳಿಗೆ, ಇಲಿಯ ಹಿಕ್ಕೆ, ಹಳೆಯ ಬಂಗಾರದ ಬಣ್ಣ, ಎಲ್ಲ ಬೆರೆತ ವಾಸನೆ ಗಂಟಲಿಗೆ ಹತ್ತುತ್ತಿತ್ತು. ರಟ್ಟಿನ ಬತ್ತಳಿಕೆಗಳು, ಮಖಮಲ್ಲು ಅಂಟಿಸಿದ ಪೈಪಿನ ಬತ್ತಳಿಕೆಗಳು. ಎಲ್ಲ ಕಸ.

ಮೂಲೆಯದು ಕಸವಾಗಿರಲಿಲ್ಲ.

ಸಿದ್ಧಲಿಂಗೇಶನ ಕ್ರಮ ಒಂದೇ: ಮೊದಲು ಮೂಗು, ಆಮೇಲೆ ಕೈ, ಕೊನೆಗೆ ಕಣ್ಣು. ಮೂಸಿದ. ಆವರಿಕೆ ತೊಗಟೆಯಲ್ಲಿ ಹದ ಮಾಡಿದ ಕಡವೆಯ ತೊಗಲು, ತುಂಬ ಹಳೆಯದು. ಬೆರಳು ಆಡಿಸಿದ. ನರದ ಹೊಲಿಗೆ, ಎಲ್ಲೂ ಬಿಟ್ಟಿಲ್ಲ. ಪಟ್ಟಿಯನ್ನು ನೋಡಿದ. ಎಷ್ಟೋ ಹೆಗಲುಗಳ ಬೆವರು ಕುಡಿದು ಕಪ್ಪಾಗಿ ಹೊಳೆಯುತ್ತಿತ್ತು. ಇಂಥದ್ದು ಅವನು ಎಲ್ಲೂ ಕಂಡಿರಲಿಲ್ಲ.

"ಇದು ಎಲ್ಲಿಂದ ಬಂತು?"

ಬಿಂದು ಭುಜ ಕುಣಿಸಿದಳು. ಹೊರಗಿನಿಂದ ಶಿವಗಂಗಮ್ಮನೇ ಹೇಳಿದಳು. "ತಿರುವಣ್ಣಾಮಲೈ ಕಡೆ ಒಂದು ಬೆಟ್ಟದ ಗುಡ್ಯಾಗ ದೇವರ ಬೆನ್ನಿಗೆ ಇತ್ತು. ಶೂಟಿಂಗ್ ಮುಗಿದ ಮ್ಯಾಲೆ ಕೊಡ್ತೀನಂತ ನಮ್ಮವರು ತಂದ್ರು. ಕೊಡಲಿಲ್ಲ. ಪೂಜಾರಿ ಕೇಳಾಕ ಬಂದ್ರ ಕಳೆದ್ಹೋತು ಅಂದ್ರು. ಆತ ಗೇಟಿನ ಮುಂದ ಮಣ್ಣು ತೂರಿ, 'ದೇವರ ಬೆನ್ನು ಬರಿದು ಮಾಡೀರಿ, ಇನ್ನು ಅದು ನಿಮ್ಮ ಬೆನ್ನಿನಿಂದ ತುಂಬಿಕೊಳ್ಳಲಿ' ಅಂದು ಹೋದ. ಆಮ್ಯಾಲೆ ನಾವು ತಿರುಗಿ ಕೊಡಾಕ ಹೋದ್ವಿ. ಬೆಟ್ಟನೇ ಇರಲಿಲ್ಲ. ಕಲ್ಲು ಕ್ವಾರಿ ಆಗಿತ್ತು."

"ಒಳ್ಳೆ ಕತೆ. ಇದನ್ನ ಹೇಳಿ ಮಾರಿದ್ರೆ ಇನ್ನೂ ಹೆಚ್ಚು ಬರುತ್ತೆ," ಎಂದ ಸಿದ್ಧಲಿಂಗೇಶ್.

ಅವನ ಕಣ್ಣು ಬಾಣದ ಮೇಲೆ ಹೋಯಿತು. ಒಂದೇ ಬಾಣ. ಮೇಲೆ ಸಿನಿಮಾದ ಬಂಗಾರದ ಬಣ್ಣ ಬಳಿದಿತ್ತು, ಗರಿಯ ಜಾಗದಲ್ಲಿ ಬಣ್ಣದ ಕಾಗದ. ಅವನಿಗೆ ಮೈ ಉರಿದುಹೋಯಿತು. ಇಂಥ ತೊಗಲಿಗೆ ಇಂಥ ಕಸವನ್ನು ಸಿಕ್ಕಿಸುವುದೇ? ಕಲಬೆರಕೆ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹಳೆಯದಕ್ಕೆ ಹೊಸದು ಸೇರಿಸಿದರೆ ಹಳೆಯದರ ಬೆಲೆಯೂ ಬಿದ್ದುಹೋಗುತ್ತದೆ. ಮೊದಲು ಅದನ್ನು ಕಿತ್ತು ಬಿಸಾಡಬೇಕು. ಅವನ ಕಸುಬಿನವರೆಲ್ಲ ಮಾಡುವುದು ಅದನ್ನೇ.

"ಬ್ಯಾಡ!" ಎಂದಳು ಶಿವಗಂಗಮ್ಮ.

ಅವನು ಎಳೆದ.

ಬಾಣ ಸಲೀಸಾಗಿ ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ ತಡೆದು, ಆಮೇಲೆ ಬಿಟ್ಟಿತು. ಕೈಗೆ ಹಗುರ. ಉದ್ದಕ್ಕೂ ಗಂಟು ಗಂಟು. "ನೋಡಿ, ಬಿದಿರೂ ಅಲ್ಲ, ಎಂಥದೋ ಅಂಟಿನ ಕೆಲಸ," ಎಂದವನೇ ಬಿಂದುವಿಗೆ ತೋರಿಸಲೆಂದು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದ.

ನಡುಮನೆಯಿಂದ ಒಂದು ಸದ್ದು ಬಂತು. ಕೂಗಲ್ಲ. ತುಂಬಿದ ಚೀಲ ಕುಸಿದ ಹಾಗೆ.

"ರೀ!" ಎಂದು ಶಿವಗಂಗಮ್ಮ ಒಳಗೋಡಿದಳು. "ಅಪ್ಪಾ!" ಎಂದು ಬಿಂದುವೂ ಓಡಿದಳು. ಆ ಅವಸರದಲ್ಲಿ ಬಾಗಿಲ ಚೌಕಟ್ಟು ಅವಳ ಹಣೆಗೆ ಬಡಿಯಿತು.

ಸಿದ್ಧಲಿಂಗೇಶ್ ಒಬ್ಬನೇ ಉಳಿದ. ಕೈಯಲ್ಲಿದ್ದ ತುಂಡನ್ನು ಬಲ್ಬಿನ ಕೆಳಗೆ ಹಿಡಿದ. ಮುರಿದ ತುದಿ ಬೆಳ್ಳಗಿತ್ತು. ಜೇನುಹುಟ್ಟಿನಂತೆ ಸಣ್ಣ ತೂತುಗಳು. ಒಳಗೆ ಕೆಂಪಗೆ ತೇವ. ಹಸಿ ಮಾಂಸದಂಗಡಿಯ ವಾಸನೆ ಮೂಗಿಗೆ ಬಡಿಯಿತು.

ಮೂಳೆ. ಒಂದರ ಮೇಲೊಂದು ಪೋಣಿಸಿದ ಬೆನ್ನ ಮೂಳೆ.

ಬಲ್ಬು ಆರಿತು. ಬಾಗಿಲು ತಾನಾಗಿ ಸರಿದು ಮುಚ್ಚಿಕೊಂಡಿತು.

ಕತ್ತಲಲ್ಲಿ ಮೊಳೆ ಕಿರುಗುಟ್ಟಿತು. ಗೋಡೆಯಿಂದ ಏನೋ ಇಳಿಯಿತು. ನೆಲದ ಮೇಲೆ ತೊಗಲು ಎಳೆದ ಸದ್ದು. ಸರ್‍ರ್. ನಿಂತಿತು. ಸರ್‍ರ್. ಅವನ ಹಿಂದೆ ಬಂತು.

ಕತ್ತಿನ ಹಿಂಭಾಗದಲ್ಲಿ ಉಸಿರು ತಾಗಿತು. ಏನೋ ಅವನನ್ನು ಮೂಸುತ್ತಿತ್ತು.

ಮೊದಲು ಮೂಗು.

ಎದೆಯ ಮೇಲೆ ಪಟ್ಟಿ ಬಿದ್ದು ಬಿಗಿಯಿತು. ಬೆನ್ನಿಗೆ ತಣ್ಣನೆಯ ತೊಗಲು ಅಂಟಿಕೊಂಡಿತು. ಅಂಗಿಯ ಒಳಗೆ, ಚರ್ಮದ ಒಳಗೆ, ಏನೋ ಮೇಲಿನಿಂದ ಕೆಳಕ್ಕೆ ಒಂದೊಂದೇ ಗಂಟನ್ನು ಮುಟ್ಟುತ್ತಾ ಹೋಯಿತು. ಅವಸರವಿಲ್ಲ. ಒತ್ತಿ ನೋಡಿತು. ತಟ್ಟಿ ನೋಡಿತು. ಅವನು ಎಷ್ಟೋ ಮನೆಗಳಲ್ಲಿ ಎಷ್ಟೋ ವಸ್ತುಗಳನ್ನು ನೋಡಿದ ಹಾಗೆಯೇ.

ಆಮೇಲೆ ಕೈ.

ಅವನಿಗೆ ಬೆಲೆ ಕಟ್ಟಲಾಗುತ್ತಿತ್ತು.

ನಡು ಮುರಿದಂತಾಯಿತು. ಬಾಗಿದ. ಮೊಣಕಾಲೂರಿದ. ಕೈಗೆ ಸಿಕ್ಕ ರಟ್ಟಿನ ಬಾಣ ಹಿಡಿದು ಬೆನ್ನ ಹಿಂದೆ ತುರುಕಿದ. ಬತ್ತಳಿಕೆ ಅದನ್ನು ಉಗುಳಿತು. ಹಣೆ ನೆಲಕ್ಕೆ ತಾಗಿತು. ಬಾಯೊಳಗೆ ಧೂಳು. ಮೊದಲ ಗಂಟು ಸಡಿಲವಾಯಿತು. ಹಲ್ಲು ಕೀಳುವಾಗ ಬುಡ ಅಲುಗಿದ ಹಾಗೆ.

ಬಾಗಿಲು ಧಡಕ್ಕನೆ ತೆರೆಯಿತು. ಮೊಬೈಲಿನ ಬೆಳಕು. ಬಿಂದು.

"ಸಾರ್, ಅಪ್ಪನಿಗೆ ಉಸಿರೇ ಇಲ್ಲ, ಆಸ್ಪತ್ರೆಗೆ… ಅಯ್ಯಯ್ಯೋ! ಏನ್ ಸಾರ್ ಇದು?"

"ತೆಗೀರಿ… ಇದನ್ನ ತೆಗೀರಿ…"

ಆಗ ನಡುಮನೆಯಿಂದ ಶಿವಗಂಗಮ್ಮನ ಕೂಗು ಬಂತು. ಬಿಕ್ಕಳಿಕೆಯಲ್ಲಿ ಒಡೆದಿತ್ತು, ಆದರೂ ಸಿದ್ಧಲಿಂಗೇಶನಿಗೆ ಒಂದೊಂದು ಅಕ್ಷರವೂ ಕೇಳಿಸಿತು. "ಮುಟ್ಟಬ್ಯಾಡ ಬಿಂದೂ! ಮುಟ್ಟಿದವರ ಬೆನ್ನಿಗೆ ಬರ್ತೈತಿ!"

ಅಳುತ್ತಾ ಓಡಿಬಂದ ಬಿಂದುವಿಗೆ ಕಿವಿ ಗುಂಯ್ ಎನ್ನುತ್ತಿತ್ತು. ಬಗ್ಗಿ ಅವನ ಮುಖದ ಬಳಿ ಮುಖ ತಂದಳು. ಅವಳ ಹಣೆಯಲ್ಲಿ ಬಾಗಿಲು ಬಡಿದ ಕಡೆ ರಕ್ತ ಇಳಿಯುತ್ತಿತ್ತು. "ಅಮ್ಮ ಏನಂದ್ರು ಸಾರ್? ಏನಂದ್ರು?"

ಎರಡನೆಯ ಗಂಟು ಅಲುಗಿತು.

"ಬೇಗ ತೆಗಿ ಅಂದ್ರು," ಎಂದ ಸಿದ್ಧಲಿಂಗೇಶ್.

ಪಟ್ಟಿಯೊಳಗೆ ತನ್ನ ಉದ್ದನೆಯ ತೋಳು ತೂರಿಸಿ, ಹೆಗಲು ಕೊಟ್ಟು ಎತ್ತಿದಳು. ಅದು ಸುಲಭವಾಗಿ ಹೋಯಿತು. ಅದಕ್ಕೆ ಅವಳ ಬೆನ್ನು ಹೆಚ್ಚು ಹಿಡಿಸಿತ್ತು.

ಅವನು ಎದ್ದ. ಓಡಿದ. ಚಪ್ಪಲಿ ಬಿಟ್ಟ, ಬ್ಯಾಗು ಬಿಟ್ಟ. ಹಿಂದಿನಿಂದ ಬಿಂದು "ಸಾರ್!" ಎಂದಳು. ಇನ್ನೊಮ್ಮೆ "ಸಾರ್" ಎಂದಾಗ ಆ ದನಿ ನೆಲದ ಹತ್ತಿರದಿಂದ ಬಂದಿತ್ತು. ಅವನು ತಿರುಗಲಿಲ್ಲ. ಬೀದಿಗೆ ಬಂದ. ಬಿಸಿಲು. ಆಟೋ. ಬಜ್ಜಿ ಕರಿಯುವ ಎಣ್ಣೆಯ ವಾಸನೆ. ಬಸ್ಸಿನ ಹಾರನ್ನು. ಜನ ಇವನ ಬರಿಗಾಲನ್ನು ನೋಡಿದರು. ಇವನ ಬೆನ್ನು ನೆಟ್ಟಗಿತ್ತು.

ಮರುದಿನ ಬೆಳಿಗ್ಗೆ ಅವನ ಫೋನಿಗೆ ಶಿವಗಂಗಮ್ಮನ ಕರೆ ಬಂತು.

"ನಮ್ಮವರನ್ನ ಮಣ್ಣು ಮಾಡಬೇಕಪ್ಪ. ಕೂಡ್ಸಾಕ ಆಗವಲ್ದು. ಇಲ್ಲಿ ನಮ್ಮ ಜನ ಕಡಿಮೆ. ನೀನೂ ಲಿಂಗ ಕಟ್ಟಿದಾಂವ. ಒಂದು ಕೈ ಹಚ್ಚು ಬಾ."

ಹೋಗದೆ ಇರಬಹುದಿತ್ತು. ಹೋದ. ಆ ಹೆಂಗಸಿಗೆ ಏನೂ ಗೊತ್ತಿಲ್ಲ ಎಂಬ ಧೈರ್ಯದಲ್ಲಿ ಹೋದ ಎಂದರೆ ಅದೇ ನಿಜ.

ನಡುಮನೆಯಲ್ಲಿ ವಿಭೂತಿಯ ವಾಸನೆ, ಚೆಂಡುಹೂವಿನ ವಾಸನೆ. ಈ ಪದ್ಧತಿ ಗೊತ್ತಿಲ್ಲದ ನಾಲ್ಕಾರು ಅಕ್ಕಪಕ್ಕದವರು ಏನು ಮಾಡಬೇಕೆಂದು ತೋಚದೆ ನಿಂತಿದ್ದರು. ಹೆಣವನ್ನು ಪದ್ಮಾಸನದಲ್ಲಿ ಕೂರಿಸಬೇಕು, ಅಂಗೈಯಲ್ಲಿ ಲಿಂಗ ಇಡಬೇಕು. ಕೂರಿಸಿದಷ್ಟೂ ಮುರಿಗೆಪ್ಪ ಮಡಚಿಕೊಂಡು ಬೀಳುತ್ತಿದ್ದ. ಬೆನ್ನಿಗೆ ಹಲಗೆ ಕೊಟ್ಟು ಬಟ್ಟೆಯಿಂದ ಕಟ್ಟಿದರೂ ಹಲಗೆಯ ಮೇಲಿಂದ ಜಾರುತ್ತಿದ್ದ.

ಗೋಡೆಯ ಪಕ್ಕ ಬಿಂದು ಕೂತಿದ್ದಳು. ಹಣೆ ಮೊಣಕಾಲಿಗೆ ತಾಗಿತ್ತು. ಕೂದಲು ನೆಲಕ್ಕೆ ಚೆಲ್ಲಿತ್ತು.

"ಅಷ್ಟು ಕೂಗಿಕೊಂಡ್ನಲ್ಲೇ, ಮುಟ್ಟಬ್ಯಾಡ ಅಂತ," ಎಂದು ಶಿವಗಂಗಮ್ಮ ಅವಳ ತಲೆ ಸವರುತ್ತಿದ್ದಳು. ರಾತ್ರಿಯೆಲ್ಲ ಇದನ್ನೇ ಕೇಳಿರಬೇಕು. "ಯಾಕ ಮುಟ್ಟಿದಿ?"

ಬಿಂದು ಈಗ ಮೊದಲ ಸಲ ಬಾಯಿಬಿಟ್ಟಳು. ನೆಲಕ್ಕೆ ಹೇಳಿದಳು. "ನೀನೇ ತೆಗಿ ಅಂದ್ಯಲ್ಲಮ್ಮ. ಸಾರ್ ಹೇಳಿದ್ರು."

ಮುದುಕಿಯ ಕೈ ನಿಂತಿತು.

ನಿಧಾನವಾಗಿ ತಿರುಗಿ ಸಿದ್ಧಲಿಂಗೇಶನನ್ನು ನೋಡಿದಳು. ಬೈಯಲಿಲ್ಲ. ಶಾಪ ಹಾಕಲಿಲ್ಲ. ಬೈದಿದ್ದರೆ ಅವನು ಏನಾದರೂ ಹೇಳುತ್ತಿದ್ದ, ಸಮಜಾಯಿಷಿ ಕೊಡುತ್ತಿದ್ದ. ಬಿಂದುವೂ ಬಗ್ಗಿದ ತಲೆಯನ್ನು ಒಂದಿಷ್ಟು ಓರೆ ಮಾಡಿದಳು. ಅವಳ ಕಣ್ಣು ಅವನ ಬರಿಗಾಲಿನವರೆಗೆ ಬಂದು ಅಲ್ಲೇ ಉಳಿಯಿತು.

"ನಿಂತಿಯಲ್ಲ," ಎಂದಳು ಶಿವಗಂಗಮ್ಮ. "ಹೋಗು. ಅವರ ಬೆನ್ನು ಹಿಡಿ."

ಅವನು ಹೋಗಿ ಹೆಣದ ಹಿಂದೆ ಕೂತ. ಹಲಗೆ ಸರಿಸಿ ಎರಡೂ ಅಂಗೈ ಒತ್ತಿ ಹಿಡಿದ. ಒಳಗೆ ಏನೂ ಸಿಗಲಿಲ್ಲ. ಒದ್ದೆ ಕಂಬಳಿಯನ್ನು ಹಿಡಿದ ಹಾಗಿತ್ತು. ಸ್ವಾಮಿಗಳು ಬಂದು ಮಂತ್ರ ಹೇಳಿ ಮುಗಿಸುವವರೆಗೂ, ಎಲ್ಲರೂ ಹೂವು ಹಾಕಿ ನಮಸ್ಕಾರ ಮಾಡುವವರೆಗೂ, ಮುರಿಗೆಪ್ಪನ ಬೆನ್ನೆಲುಬಾಗಿ ಅವನು ಕೂತ. ನಮಸ್ಕಾರ ಮಾಡುವವರ ಕಣ್ಣು ಅವನ ಮುಖಕ್ಕೂ ತಾಗುತ್ತಿತ್ತು. ಅವನು ಮುಖವನ್ನು ಹೆಣದ ಭುಜದ ಹಿಂದೆ ಅಡಗಿಸಿಕೊಂಡ.

ಹೆಣವನ್ನು ಕೂರಿಸಿದ ಹೂವಿನ ವಿಮಾನ ಮಣ್ಣಿಗೆ ಹೊರಟ ಮೇಲೆ ಬ್ಯಾಗಿಗೆಂದು ಗೋದಾಮಿಗೆ ಹೋದ. ಅವನಿಗಿಂತ ಮುಂದೆ, ಒಂದು ಕೈ ಗೋಡೆಗೆ ಕೊಟ್ಟು, ಬಿಂದು ಹೋಗುತ್ತಿದ್ದಳು. ಅವನ ಚಪ್ಪಲಿ ಹುಡುಕಿ ಕೊಡಲು. ಆ ಗಿಡ್ಡ ಬಾಗಿಲನ್ನು ದಾಟುವಾಗ ಅವಳಿಗೂ ಚೌಕಟ್ಟಿಗೂ ನಡುವೆ ಬೇಕಾದಷ್ಟು ಜಾಗವಿತ್ತು.

ಮೂಲೆಯ ಮೊಳೆಗೆ ಬತ್ತಳಿಕೆ ತೂಗುತ್ತಿತ್ತು. ಅದರಲ್ಲಿ ಒಂದೇ ಒಂದು ಬಾಣ. ಬಣ್ಣ ಬಳಿದಿರಲಿಲ್ಲ. ನೀಳವಾಗಿ, ಬೆಳ್ಳಗೆ, ಆ ಕಪ್ಪು ತೊಗಲಿಗೆ ಹೇಳಿ ಮಾಡಿಸಿದ ಹಾಗಿತ್ತು.

"ಚಪ್ಪಲಿ, ಸಾರ್," ಎಂದು ಬಿಂದು ಅವನ ಕಾಲ ಬಳಿ ಇಟ್ಟಳು.

ಅವನು ಅವಳನ್ನು ನೋಡಬೇಕಿತ್ತು. ಅಲ್ಲೇ ಕುಸಿದು ಅವಳ ಕಾಲು ಹಿಡಿಯಬೇಕಿತ್ತು. ಆದರೆ ಅವನ ಕಣ್ಣು ಬತ್ತಳಿಕೆಯ ಮೇಲಿತ್ತು. ಈಗ ಕಲಬೆರಕೆ ಇಲ್ಲ, ಜೋಡಿ ಸರಿಯಾಯಿತು, ಬೆಲೆ ಏರಿತು ಎಂದು ಅವನ ಮನಸ್ಸು, ಅವನನ್ನು ಕೇಳದೆಯೇ, ಹೇಳಿ ಮುಗಿಸಿತ್ತು.