ಸೀಸ ಬಂದ ದಾರಿ

"ಹ್ವಾಯ್, ಅಲ್ಲಿ ಎಂತ ಮಾಡ್ತಿದ್ರಿ?"

ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಹುಡುಗಿ ತಿರುಗಲಿಲ್ಲ. ಬಾಟಲಿ ತುಂಬಿದ ಮೇಲೆ ಮುಚ್ಚಳ ಬಿಗಿದು, ಸಾವಕಾಶ ಕಣ್ಣೆತ್ತಿದಳು. "ನೀರ್ ಹಿಡೀತಿದ್ದೆ. ಹಳ್ಳ ನಿಮ್ದಾ?"

ಸುಜನ್‌ಗೆ ಸಿಟ್ಟು ಬರಬೇಕಿತ್ತು, ನಗು ಬಂತು.

ಅದು 2009ರ ಮಳೆಗಾಲ. ಹೆಮ್ಮಾಡಿಯಿಂದ ಒಳಗೆ, ಕಾಡು ಶುರುವಾಗುವಲ್ಲಿ ಅವನದೊಂದು ಶೆಡ್ಡು. ಗಂಗೊಳ್ಳಿಯ ಮೀನುಗಾರರ ಮನೆಯ ಹುಡುಗ. ಅಪ್ಪ ತೀರಿಕೊಂಡ ಮೇಲೆ ದೋಣಿ ಬಿಟ್ಟು, ಬಲೆಗೆ ಕಟ್ಟುವ ಸೀಸದ ಗುಂಡು ಮಾಡತೊಡಗಿದ್ದ. ಹಳೆ ಬ್ಯಾಟರಿ ಒಡೆದು, ಸೀಸ ಕರಗಿಸಿ, ಅಚ್ಚಿಗೆ ಹೊಯ್ಯುವ ಕೆಲಸ. ಹೊಗೆ ಊರಿಗೆ ಬೇಡವೆಂದೇ ಕಾಡಂಚಿಗೆ ಬಂದಿದ್ದ. ಇವಳು ಯಾವುದೋ ಆಫೀಸಿನವಳು, ಶೆಡ್ಡು ಮುಚ್ಚಿಸಲು ಬಂದವಳು ಎಂದುಕೊಂಡ.

ಅವಳು ಬ್ರಹ್ಮಾವರದ ನವ್ಯಶ್ರೀ. ಕಾಡಿನ ಬಂಡೆಗಳು ಮಳೆಗೆ ಹೇಗೆ ಸವೆಯುತ್ತವೆ ಎಂಬುದು ಅವಳ ಪಿಎಚ್‌ಡಿ. ಪ್ರತಿ ವಾರ ಬರುತ್ತಿದ್ದಳು. ಮೂರನೆಯ ಸಲಕ್ಕೆ ಅವಳ ಬಾಟಲಿಯ ಚೀಲ ಸುಜನ್‌ನ ಹೆಗಲಿಗೇರಿತ್ತು.

"ಕಲ್ಲ್ ಕರಗುಕೆ ಎಷ್ಟ್ ಟೈಮ್ ಬೇಕ್?" ಎಂದು ಕೇಳಿದ್ದ.

"ಕಲ್ಲಿಗಾ, ನಿಮ್ಗಾ?" ಎಂದು ಓರೆಗಣ್ಣಿನಲ್ಲಿ ನೋಡಿ, ಮುಂದೆ ನಡೆದುಬಿಟ್ಟಿದ್ದಳು. ಆ ದಿನ ಅವನು ಹೊಯ್ದ ಗುಂಡುಗಳಲ್ಲಿ ಅರ್ಧ ಓರೆಯಾದವು.

ಇನ್ನೊಮ್ಮೆ ಅವಳೇ ಹೇಳಿದಳು. ಒಂದೇ ಧಾತುವಿನೊಳಗೆ ತೂಕದಲ್ಲಿ ಸ್ವಲ್ಪ ಹೆಚ್ಚುಕಡಿಮೆಯ ಪರಮಾಣುಗಳಿರುತ್ತವಂತೆ, ಅವಕ್ಕೆ ಐಸೋಟೋಪ್ ಎನ್ನುತ್ತಾರಂತೆ. ಅವು ಯಾವ ಪ್ರಮಾಣದಲ್ಲಿವೆ ಎಂದು ಅಳೆದರೆ, ನೀರಿನಲ್ಲಿರುವುದು ಬಂಡೆಯಿಂದ ಬಂತೋ, ಕಡಲಿನಿಂದ ಮಳೆಯೊಡನೆ ಬಂತೋ ತಿಳಿಯುತ್ತದಂತೆ. "ನಿಮ್ಮ ಗಂಗೊಳ್ಳಿ ಕಡ್ಲ್ ಈ ಕಾಡಿನ ನೀರಲ್ಲೂ ಇತ್ತ್ ಕಾಣಿ," ಎಂದಾಗ ಅವನಿಗೆ ನೀರಿಗಿಂತ ಅವಳ ಮುಖವೇ ಹೆಚ್ಚು ಕಂಡಿತು.

ಮಳೆ ಇಳಿಮುಖವಾದಾಗ ಒಂದು ದಿನ ಅವಳು ಬಾಟಲಿಯ ಚೀಲ ಅವನ ಕೈಗೆ ಕೊಟ್ಟು ಹೇಳಿದಳು.

"ಮೇಲಿನ ನೀರಲ್ಲಿ ಸೀಸ ಇಲ್ಲೆ ಅನ್ಲಕ್ಕ್. ನಿಮ್ಮ ಶೆಡ್ಡಿನ ಕೆಳ್ಗೆ ಇತ್ತ್."

"ಕಲ್ಲಿಂದ್ಲೇ ಬಂದಿರ್ಬೌದಲ್ದಾ?"

"ಇರ್ಬೌದ್. ಕಲ್ಲಿನ ಸೀಸದ ಐಸೋಟೋಪ್ ಬೇರೆ, ಬ್ಯಾಟರಿ ಸೀಸದ್ದ್ ಬೇರೆ. ನೀವೊಂದ್ ಗುಂಡ್ ಕೊಟ್ರೆ ಹೋಲ್ಸಿ ಕಾಂಬುಕಾತ್ತ್. ಒತ್ತಾಯ ಮಾಡುದಿಲ್ಲೆ."

ಸುಜನ್ ಚೀಲವನ್ನು ನೆಲಕ್ಕಿಟ್ಟ. "ಇಷ್ಟ್ ದಿನ ನೆಗಾಡಿದ್ದ್ ಇದ್ಕಾ?"

ಅವಳ ಮುಖ ಬಿಳುಚಿತು. "ಅದ್ ಬೇರೆ, ಇದ್ ಬೇರೆ," ಎಂದವಳು ಚೀಲ ತಾನೇ ಎತ್ತಿಕೊಂಡು ಹೋದಳು.

ಮುಂದಿನ ವಾರಗಳಲ್ಲಿ ಅವಳು ಬರುವ ದಿನ ಅವನು ಶೆಡ್ಡಿನ ಬಾಗಿಲು ಹಾಕಿಕೊಂಡಿರುತ್ತಿದ್ದ. ಹಲಗೆಯ ಸಂದಿಯಿಂದ ಅವಳ ಕೊಡೆ ಕಾಣುತ್ತಿತ್ತು. ಕೊಡೆ ಬಾಗಿಲ ಎದುರು ಒಂದು ಗಳಿಗೆ ನಿಂತು, ಮುಂದೆ ಹೋಗುತ್ತಿತ್ತು.

ಅವನ ತಾಯಿ ರತ್ನ ಹಳ್ಳದ ಕೆಳಗಿನ ಮನೆಗಳಿಗೇ ಮೀನು ಮಾರುವವಳು. ಮಗ ಅನ್ನ ಬಿಟ್ಟು ಏಳುವುದನ್ನು ನೋಡಿ, ವಿಷಯವನ್ನೆಲ್ಲ ಹೇಳಿಸಿಕೊಂಡಳು.

"ಆ ಹೆಣ್ಣ್ ಹೇಳಿದ್ದ್ ಸುಳ್ಳಾರೆ ನಿಂಗೆಂತ ನಷ್ಟ? ಸತ್ಯ ಆರೆ, ಆ ನೀರ್ ಕುಡಿಯು ಮಕ್ಕಳ ಮುಖ ನಾ ಹ್ಯಾಂಗ್ ಕಾಂಬುದ್ ಮಗಾ?"

ಮರುದಿನ ಬೆಳಿಗ್ಗೆ ಅವನು ಒಲೆ ಹೊತ್ತಿಸಲಿಲ್ಲ. ಕೆಳಗಿನ ಒಂದೊಂದೇ ಮನೆಗೆ ಹೋಗಿ, ಪರೀಕ್ಷೆ ಮುಗಿಯುವವರೆಗೆ ಹಳ್ಳದ ನೀರು ಕುಡಿಯಬೇಡಿ ಎಂದ. ಒಬ್ಬರು ಬೈದರು, ಒಬ್ಬರು ಕೊಡದ ನೀರನ್ನು ಅಂಗಳಕ್ಕೆ ಚೆಲ್ಲಿದರು. ಆಮೇಲೆ ಹೆಮ್ಮಾಡಿ ಬಸ್‌ಸ್ಟ್ಯಾಂಡಿನಲ್ಲಿ ನವ್ಯಶ್ರೀಗಾಗಿ ಕಾದು, ಪ್ಲಾಸ್ಟಿಕ್ ಕವರೊಂದನ್ನು ಅವಳ ಕೈಗಿತ್ತ. ಒಳಗೆ ಗುಂಡುಗಳಿದ್ದವು, ಒಲೆಯ ಬೂದಿಯೂ ಇತ್ತು.

"ಎಂತ ಬಂದ್ರೂ ನೀವೇ ಬಂದ್ ಹೇಳಿ. ಬೇರೆಯವ್ರ್ ಬಾಯಲ್ಲಿ ಕೇಂಬುದ್ ಬ್ಯಾಡ."

ಅವಳು ಕವರನ್ನು ಎರಡೂ ಕೈಯಲ್ಲಿ ಹಿಡಿದು ತಲೆಯಾಡಿಸಿದಳು.

ಫಲಿತಾಂಶ ಬರುವಷ್ಟರಲ್ಲಿ ಚಳಿಗಾಲ ಬಂದಿತ್ತು. ಕೋಡಿಯ ಕಡಲತೀರಕ್ಕೆ ಬರಲು ಹೇಳಿ ಫೋನಿಟ್ಟಿದ್ದಳು. ಮರಳಿನ ಮೇಲೆ ನಡೆದು ಬರುವ ಅವಳ ಮುಖ ದೂರದಿಂದ ಕಂಡಾಗಲೇ ಅವನಿಗೆ ತಿಳಿಯಿತು.

"ನಮ್ದೇ ಅಲ್ದಾ?"

"ಹೌದ್. ಗುಂಡಿನ ಸೀಸವೂ ಹಳ್ಳದ ಸೀಸವೂ ಒಂದೇ. ನಾನ್ ಅದನ್ನ ಬರೀದೆ ಇಪ್ಪುಕಾತಿಲ್ಲೆ ಸುಜನ್."

"ಬರೀರಿ. ಶೆಡ್ಡ್ ಕಿತ್ತಾಯ್ತ್. ಅಲ್ಲಿನ ಮಣ್ಣ್ ತೆಗಿಯುದ್ ಹ್ಯಾಂಗೆ ಅಂತ ನೀವ್ ಹೇಳ್ಕೊಟ್ರೆ ಸಾಕ್."

"ಹೇಳ್ಕೊಡ್ತೆ. ಮೊದ್ಲ್ ನೀವ್ ರಕ್ತ ಪರೀಕ್ಷೆ ಮಾಡ್ಸಿ. ಅಷ್ಟ್ ವರ್ಷ ಆ ಹೊಗೆ ಕುಡ್ದಿದ್ರಿ. ರಿಪೋರ್ಟ್ ಕಂಡಾಗಿಂದ ನಂಗೆ ನಿದ್ರೆ ಇಲ್ಲೆ."

ಸುಜನ್ ಅವಳನ್ನೇ ನೋಡಿದ. ತಿಂಗಳುಗಟ್ಟಲೆ ಎದೆಯಲ್ಲಿ ಕೂತಿದ್ದ ಭಾರವೊಂದು ಇಳಿಯಿತು, ಅದರ ಜಾಗದಲ್ಲಿ ಧೈರ್ಯ ಬಂತು.

"ಹಳ್ಳ ಸರಿಯಾತಾ ಕಾಂಬುಕೆ ಇನ್ನೂ ಬತ್ರಿ ಅಲ್ದಾ?"

"ವರ್ಷಗಟ್ಲೆ ಬರ್ಕಾತ್ತ್."

"ಬ್ರಹ್ಮಾವರದಿಂದ ದೂರ. ಗಂಗೊಳ್ಳಿಯಿಂದ ಹತ್ರ." ಅವನ ಸ್ವರ ತಗ್ಗಿತು. "ನಮ್ಮನಿಗೆ ಬತ್ರ್ಯಾ ನವ್ಯಾ? ಈಗ ನಂಗೊಂದ್ ಕೆಲ್ಸವೂ ಇಲ್ಲೆ. ಹಾಂಗಿದ್ರೂ ಕೇಂತಿದ್ದೆ."

ಅವಳು ಗಾಳಿಗೆ ಮುಖಕ್ಕೆ ಬಂದ ಕೂದಲನ್ನು ಕಿವಿಯ ಹಿಂದೆ ಸರಿಸಿ, ಅವನ ಅಂಗೈಯನ್ನು ಎತ್ತಿ ಹಿಡಿದು, ಸುಟ್ಟ ಕಲೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು.

"ಅಪ್ಪಯ್ಯನ ಹತ್ರ ಬಂದ್ ಕೇಣಿ," ಎಂದಳು. "ಹಳ್ಳದ್ದನ್ನೂ ನೀವೇ ಹೇಳಿ. ಕೇಂಡ್ ಅವ್ರ್ ಎಂತ ಹೇಳಿರೂ, ನಾ ನಿಮ್ಮ ಬದಿಗೇ ಕೂತ್ಕಂಬುದ್."